ಪ್ರೋಟೀನಿನ ಅವ್ಯವಸ್ಥಿತ ಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಕೃಷಿ ಜೈವಿಕ ತಂತ್ರಜ್ಞಾನದ ವಿದ್ಯಾರ್ಥಿಗಳು ಎಂಎಸ್ಸಿ ಪ್ರಾಜೆಕ್ಟಿಗೆ, ಪಿಎಚ್‌ಡಿಗೆ ಕೂತಾಗ ಏಳುವ ಪ್ರಶ್ನೆಗಳಿವು. ಕೇಳುವ ಧಾಟಿಯಲ್ಲೇ ಇಟ್ಟಿದ್ದೇವೆ. ಮೊದಲರ್ಧ ಜೀವಕೋಶದೊಳಗಿನ ವಿಚಾರ, ಉಳಿದದ್ದು ಲ್ಯಾಬಿನ ಕೆಲಸ. ಜೆಲ್ ಓಡಿಸಿ ಗಾಬರಿಯಾದವರು ನೇರ ಕೆಳಗೆ ಹೋಗಬಹುದು.

ಗಟ್ಟಿ ಆಕಾರನ ಇಲ್ಲದ ಪ್ರೋಟೀನ್ ಅಂದ್ರ ಕೆಟ್ಟುಹೋದ ಪ್ರೋಟೀನ್ ಏನ್ರಿ?

ಅಲ್ಲ. ಕಾಯಿಸಿದಾಗ ಅಥವಾ ಯೂರಿಯಾ ಹಾಕಿದಾಗ ಮಡಿಕೆ ಬಿಚ್ಚಿಕೊಂಡ ಪ್ರೋಟೀನ್ ತನ್ನ ಕೆಲಸ ಕಳೆದುಕೊಂಡಿರುತ್ತದೆ. ಅವ್ಯವಸ್ಥಿತ ಭಾಗಕ್ಕೆ, ಅಂದರೆ ಐಡಿಆರ್‌ಗೆ (ಇಂಟ್ರಿನ್ಸಿಕಲಿ ಡಿಸಾರ್ಡರ್ಡ್ ರೀಜನ್), ಜೀವಕೋಶದ ಸಹಜ ಸ್ಥಿತಿಯಲ್ಲೇ ಒಂದು ಸ್ಥಿರ ರಚನೆ ಇರುವುದಿಲ್ಲ. ಅದರ ಕೆಲಸ ನಡೆಯುವುದೂ ಹಾಗೆ ಇದ್ದಾಗಲೇ. ಕಾರಣ ಅಮೈನೋ ಆಮ್ಲಗಳ ಸರಣಿಯಲ್ಲಿದೆ. ಮಡಿಕೆಯ ತಿರುಳು ಕಟ್ಟುವ ಟ್ರಿಪ್ಟೊಫಾನ್, ಫಿನೈಲ್‌ಅಲನಿನ್, ಐಸೊಲ್ಯೂಸಿನ್, ವ್ಯಾಲಿನ್, ಸಿಸ್ಟೀನ್ ಇಲ್ಲಿ ಕಡಿಮೆ. ನೀರಿಗೆ ಒಗ್ಗುವ ಲೈಸಿನ್, ಗ್ಲುಟಮೇಟ್, ಸೆರಿನ್, ಗ್ಲುಟಮಿನ್ ಹೆಚ್ಚು. ಹೀಲಿಕ್ಸ್ ಎಂಬ ಸುರುಳಿ ರಚನೆಯನ್ನು ಮುರಿಯುವ ಪ್ರೋಲಿನ್ ಮತ್ತು ಬಳುಕುವ ಗ್ಲೈಸಿನ್ ಕೂಡ ಹೆಚ್ಚು. ಒಳಗೆ ಕೂಡಿಕೊಳ್ಳಲು ಎಣ್ಣೆಗುಣದ ತಿರುಳಿಲ್ಲ, ಮೇಲೆ ಒಂದೇ ಬಗೆಯ ವಿದ್ಯುದಂಶ ಜಾಸ್ತಿ ಇದ್ದರೆ ಸರಪಳಿ ತನ್ನನ್ನು ತಾನೇ ದೂರ ತಳ್ಳುತ್ತದೆ.

ಗಾತ್ರದಲ್ಲೂ ವ್ಯತ್ಯಾಸ ಕಾಣುತ್ತದೆ. 100 ಅಮೈನೋ ಆಮ್ಲಗಳ ಮಡಿಕೆಯಾದ ಗುಂಡು ಪ್ರೋಟೀನಿನ ಭ್ರಮಣ ತ್ರಿಜ್ಯ, ಅಂದರೆ ಸರಪಳಿ ಎಷ್ಟು ಹರಡಿದೆ ಎಂಬ ಅಳತೆ, ಸುಮಾರು 1.3 ನ್ಯಾನೋಮೀಟರ್. ಅಷ್ಟೇ ಉದ್ದದ ಸರಪಳಿ ಪೂರ್ತಿ ಬಿಚ್ಚಿಕೊಂಡರೆ ಅದು 3 ನ್ಯಾನೋಮೀಟರ್ ಹತ್ತಿರ ಹೋಗುತ್ತದೆ. ಐಡಿಆರ್‌ಗಳು ಇವೆರಡರ ನಡುವೆ, ಸಾಮಾನ್ಯವಾಗಿ ಎರಡನೆಯದರ ಕಡೆಗೇ ಇರುತ್ತವೆ. ಹಾಗಂತ ಸರಪಳಿ ಮನಬಂದಂತೆ ತಿರುಗುತ್ತದೆ ಎಂದುಕೊಳ್ಳಬೇಡಿ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ, ಸರಪಳಿಯ ತಿರುವುಗಳ ನಕ್ಷೆಯ ನಿಷಿದ್ಧ ಕೋನಗಳು ಇದಕ್ಕೂ ನಿಷಿದ್ಧವೇ. ಅನುಮತಿ ಇರುವ ಕೋನಗಳ ನಡುವೆ ಇದು ಕ್ಷಣಕ್ಷಣಕ್ಕೂ ಓಡಾಡುತ್ತಿರುತ್ತದೆ, ಅಷ್ಟೇ.

ಇಂಥಾವು ಎಷ್ಟ ಇರ್ತಾವರಿ?

2004ರ ಒಂದು ಗಣಕ ಅಂದಾಜಿನ ಪ್ರಕಾರ, 30 ಅಮೈನೋ ಆಮ್ಲಗಳಿಗಿಂತ ಉದ್ದದ ಅವ್ಯವಸ್ಥಿತ ಭಾಗ ಇರುವ ಪ್ರೋಟೀನುಗಳು ಬ್ಯಾಕ್ಟೀರಿಯಾದಲ್ಲಿ ಶೇ. 4ರಷ್ಟು, ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಸುಮಾರು ಶೇ. 33. ಪೂರ್ತಿ ಅವ್ಯವಸ್ಥಿತವಾದ ಪ್ರೋಟೀನುಗಳು ಕಡಿಮೆ. ಹೆಚ್ಚಿನವುಗಳಲ್ಲಿ ಮಡಿಕೆಯಾದ ಡೊಮೇನು (ತಾನಾಗಿಯೇ ಒಂದು ಆಕಾರ ತಾಳುವ ತುಂಡು), ಅದರ ಪಕ್ಕ ಬಾಲ ಅಥವಾ ಎರಡು ಡೊಮೇನುಗಳ ನಡುವೆ ಕೊಂಡಿ ಇರುತ್ತದೆ.

ಕೀಲಿ-ಕೀಲಿಕೈ ಅಂತ ಓದೇವಿ. ಆಕಾರ ಇಲ್ಲದ್ದು ಇನ್ನೊಂದಕ್ಕ ಹೆಂಗ ಕೂಡ್ತೈತಿ?

1894ರ ಎಮಿಲ್ ಫಿಶರ್ ಕಲ್ಪನೆ ಕಿಣ್ವಗಳ ಮಟ್ಟಿಗೆ ಇವತ್ತಿಗೂ ಬಹುಪಾಲು ಸರಿ. ಆದರೆ ಸಂಕೇತ ಸಾಗಿಸುವ, ಜೀನ್ ನಿಯಂತ್ರಿಸುವ ಪ್ರೋಟೀನುಗಳಿಗೆ ಅದೊಂದೇ ಸಾಲದು. ಐಡಿಆರ್ ಕೂಡುವ ದಾರಿಗಳು ಹಲವು. ಪರೀಕ್ಷೆಯಲ್ಲಿ ಹೆಚ್ಚಿನವರು ಒಂದೇ ದಾರಿ ಬರೆದು ಮುಗಿಸುತ್ತಾರೆ.

ಎಲ್ಲರೂ ಬರೆಯುವುದು ಕೂಡುವಾಗ ಮಡಿಕೆಯಾಗುವ ದಾರಿ. ಜೀನ್ ನಿಯಂತ್ರಿಸುವ ಕ್ರೆಬ್ ಎಂಬ ಪ್ರೋಟೀನಿನ ಕಿಡ್ ಭಾಗ ಒಂಟಿಯಾಗಿದ್ದಾಗ ಬಹುತೇಕ ಅವ್ಯವಸ್ಥಿತ. 133ನೆಯ ಸೆರಿನ್‌ಗೆ ಫಾಸ್ಫೇಟ್ ಬಿದ್ದ ಮೇಲೆ ಸಿಬಿಪಿ ಎಂಬ ಸಂಗಾತಿ ಪ್ರೋಟೀನಿನ ಕಿಕ್ಸ್ ಡೊಮೇನಿನ ಮೇಲೆ ಕೂತು ಎರಡು ಹೀಲಿಕ್ಸ್ ಆಗುತ್ತದೆ. ಕ್ಯಾನ್ಸರ್ ಗೆಡ್ಡೆ ತಡೆಯುವ ಪಿ53 ಪ್ರೋಟೀನಿನ ಬಾಲ ಇನ್ನೂ ಸ್ವಾರಸ್ಯದ್ದು. ಹೆಚ್ಚುಕಡಿಮೆ ಅದೇ ಒಂದು ತುಂಡು ಎಸ್100ಬಿ ಜೊತೆ ಹೀಲಿಕ್ಸ್, ಸರ್ಟುಯಿನ್ ಜೊತೆ ಬೀಟಾ ಎಳೆ, ಸೈಕ್ಲಿನ್ ಎ ಜೊತೆ ಎರಡೂ ಅಲ್ಲದ ರೂಪ ತಾಳುತ್ತದೆ. ಗಟ್ಟಿ ಡೊಮೇನಿಗೆ ಇದು ಆಗದ ಕೆಲಸ. ಅದಕ್ಕೇ ಹತ್ತಾರು ಸಂಗಾತಿಗಳಿರುವ ಪ್ರೋಟೀನುಗಳಲ್ಲಿ ಇಂಥ ಬಾಲಗಳು ಹೆಚ್ಚು.

ಮಡಿಕೆಯೇ ಆಗದೆ ಕೂಡುವುದೂ ಉಂಟು. ಹಿಸ್ಟೋನ್ ಎಚ್1 ಧನ ವಿದ್ಯುದಂಶದಿಂದ, ಪ್ರೋಥೈಮೋಸಿನ್ ಆಲ್ಫಾ ಋಣ ವಿದ್ಯುದಂಶದಿಂದ ತುಂಬಿವೆ. ಎರಡೂ ಕೂಡಿದ ಮೇಲೂ ಸಡಿಲವಾಗಿಯೇ ಉಳಿಯುತ್ತವೆ, ಆದರೂ ಬಂಧದ ಬಲ ಪಿಕೋಮೋಲಾರ್ ಮಟ್ಟದ್ದು, ಅಂದರೆ ಬಹಳ ಗಟ್ಟಿ, ಎಂದು 2018ರಲ್ಲಿ ತೋರಿಸಿದರು. ಇಲ್ಲಿ ಉಪ್ಪು ಸ್ವಲ್ಪ ಹೆಚ್ಚಾದರೂ ಬಂಧ ಬಹಳ ಸಡಿಲಾಗುತ್ತದೆ. ಇಂಥ ಪ್ರಯೋಗದಲ್ಲಿ ಬಫರಿನ ಉಪ್ಪಿನ ಪ್ರಮಾಣ ಬರೆಯದ ಫಲಿತಾಂಶಕ್ಕೆ ಬೆಲೆಯಿಲ್ಲ.

ಉಳಿದದ್ದು ಕೊಂಡಿಯ ಕೆಲಸ. ಐಡಿಆರ್‌ನಲ್ಲಿರುವ ಕಿರು ಗುರುತುಗಳು 3ರಿಂದ 10 ಅಮೈನೋ ಆಮ್ಲದಷ್ಟೇ ಇರುತ್ತವೆ, ಒಂಟಿಯಾಗಿ ಅವುಗಳ ಬಂಧ ಹಲವು ಸಲ ಮೈಕ್ರೋಮೋಲಾರ್ ಮಟ್ಟದ ದುರ್ಬಲ ಬಂಧ. ಆದರೆ ಗುರುತು ಮತ್ತು ಅದು ಕೂಡಬೇಕಾದ ಡೊಮೇನು ಒಂದೇ ಸರಪಳಿಯಲ್ಲಿದ್ದರೆ ಲೆಕ್ಕ ಬೇರೆ. ಗೂಟಕ್ಕೆ ಕಟ್ಟಿದ ಎತ್ತು ಹಗ್ಗದಷ್ಟೇ ಜಾಗದಲ್ಲಿ ಮೇಯುವಂತೆ, ಕೊಂಡಿಯ ಉದ್ದ ಆ ಗುರುತು ಓಡಾಡುವ ಜಾಗವನ್ನು ಗೊತ್ತುಮಾಡುತ್ತದೆ. ಕೆಲವೇ ಹತ್ತು ಅಮೈನೋ ಆಮ್ಲಗಳ ಕೊಂಡಿಯಿದ್ದರೆ ಸ್ಥಳೀಯ ಸಾಂದ್ರತೆ ಮಿಲಿಮೋಲಾರ್ ಆಸುಪಾಸಿಗೆ ಏರುತ್ತದೆ, ದುರ್ಬಲ ಬಂಧವೂ ಹೆಚ್ಚು ಹೊತ್ತು ಮುಚ್ಚಿಕೊಂಡೇ ಇರುತ್ತದೆ. ಕೊಂಡಿಯ ಅಮೈನೋ ಆಮ್ಲಗಳು ವಿಕಾಸದಲ್ಲಿ ಬದಲಾದರೂ ಉದ್ದ ಅಥವಾ ವಿದ್ಯುದಂಶದ ಹಂಚಿಕೆ ಉಳಿದುಬರುವುದು ಈ ಕಾರಣಕ್ಕೇ. ಸರಣಿ ಹೊಂದಿಸಿ ನೋಡಿ ‘ಇಲ್ಲಿ ಏನೂ ಉಳಿದಿಲ್ಲ, ಕೆಲಸವಿಲ್ಲದ ಭಾಗ’ ಎಂದು ಬರೆಯುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಫಾಸ್ಫೇಟ್ ಬೀಳೂ ಜಾಗ ಇಲ್ಲೇ ಯಾಕ ಹೆಚ್ಚು?

ಫಾಸ್ಫೇಟ್ ಅಂಟಿಸುವ ಕಿಣ್ವವಾದ ಕೈನೇಸ್‌ನ ಸೀಳಿಗೆ ಸರಪಳಿ ಚಾಚಿಕೊಂಡು ಬರಬೇಕು. ಐಡಿಆರ್‌ಗೆ ಅದು ಸಲೀಸು. ಯೀಸ್ಟಿನಲ್ಲಿ ಕೋಶ ವಿಭಜನೆಯನ್ನು ತಡೆಹಿಡಿಯುವ ಸಿಕ್1 ಪ್ರೋಟೀನ್ ಇದಕ್ಕೆ ಹೆಸರುವಾಸಿ. ಅದರ ಒಂಬತ್ತು ಜಾಗಗಳಲ್ಲಿ ಕನಿಷ್ಠ ಆರಕ್ಕೆ ಫಾಸ್ಫೇಟ್ ಬಿದ್ದರೆ ಮಾತ್ರ ನಾಶಕ್ಕೆ ಗುರುತಿಸುವ ಸಿಡಿಸಿ4ಕ್ಕೆ ಕೂಡಿ ನಾಶವಾಗುತ್ತದೆ ಎಂದು 2001ರಲ್ಲಿ ಹೇಳಿದರು; ಆಮೇಲಿನ ಪ್ರಯೋಗಗಳು ಬರೀ ಎಣಿಕೆಗಿಂತ ಯಾವ ಎರಡು ಜಾಗ ಜೋಡಿಯಾಗಿವೆ ಎಂಬುದಕ್ಕೆ ಹೆಚ್ಚು ತೂಕ ಕೊಟ್ಟವು. ಪಠ್ಯಪುಸ್ತಕದಲ್ಲಿ ಮೊದಲಿನದಷ್ಟೇ ಉಳಿದುಬಿಟ್ಟಿದೆ. ಇನ್ನೊಂದು ತುದಿಯಲ್ಲಿ 4ಇ-ಬಿಪಿ2 ಇದೆ: 37 ಮತ್ತು 46ನೆಯ ಥ್ರಿಯೊನಿನ್‌ಗಳಿಗೆ ಫಾಸ್ಫೇಟ್ ಬಿದ್ದರೆ ಅವ್ಯವಸ್ಥಿತ ಸರಪಳಿಯೇ ಬೀಟಾ ಮಡಿಕೆಯಾಗಿ, ಪ್ರೋಟೀನ್ ತಯಾರಿ ಶುರುಮಾಡಿಸುವ ಇಐಎಫ್4ಇಗೆ ಕೂಡುವ ಗುರುತನ್ನು ಒಳಗೆ ಸೇರಿಸಿಕೊಳ್ಳುತ್ತದೆ.

ಜೀನಿನಿಂದ ಆರ್‌ಎನ್‌ಎ ನಕಲು ತೆಗೆಯುವ ಆರ್‌ಎನ್‌ಎ ಪಾಲಿಮರೇಸ್ 2 ಕಿಣ್ವದ ಬಾಲದಲ್ಲಿ ಏಳು ಅಮೈನೋ ಆಮ್ಲಗಳ ಒಂದು ತುಂಡು ಮನುಷ್ಯನಲ್ಲಿ 52 ಸಲ, ಯೀಸ್ಟಿನಲ್ಲಿ 26 ಸಲ ಮರುಕಳಿಸುತ್ತದೆ. ಲಿಪ್ಯಂತರ ಶುರುವಾಗುವಾಗ ಐದನೆಯ ಸ್ಥಾನದ ಸೆರಿನ್‌ಗೆ ಫಾಸ್ಫೇಟ್ ಬೀಳುತ್ತದೆ, ಆರ್‌ಎನ್‌ಎ ತುದಿಗೆ ಟೋಪಿ ಹಾಕುವ ಕಿಣ್ವ ಅದನ್ನು ಓದಿ ಬರುತ್ತದೆ. ಆರ್‌ಎನ್‌ಎ ಉದ್ದವಾಗುತ್ತ ಹೋದಂತೆ ಎರಡನೆಯ ಸ್ಥಾನದ ಸೆರಿನ್‌ನ ಸರದಿ.

ಗಟ್ಟಿ ಇಲ್ಲಂದ್ರ ಪ್ರೋಟಿಯೇಸ್ ಕೂಡ್ಲೇ ಕತ್ತರಿಸಿ ಹಾಕೂದಿಲ್ಲೇನು?

ಪರೀಕ್ಷಾ ನಳಿಕೆಯಲ್ಲಿ ಹೌದು, ಬೇಗ ಕತ್ತರಿಸುತ್ತದೆ. ಜೀವಕೋಶದೊಳಗೆ ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಸೋಮ್‌ಗೆ ಎರಡು ಬೇಕು: ಯುಬಿಕ್ವಿಟಿನ್ ಗುರುತು ಮತ್ತು ಹಿಡಿದೆಳೆಯಲು ಸಾಕಷ್ಟು ಉದ್ದದ ಸಡಿಲ ತುದಿ. ಅಂದರೆ ಐಡಿಆರ್ ಇರುವುದೇ ಸಾವಿಗೆ ದಾರಿಯಲ್ಲ. ಅದರ ಉದ್ದ, ಜಾಗ, ಸಂಗಾತಿ ಕೂತಿದ್ದಾನೋ ಇಲ್ಲವೋ ಎಂಬುದರ ಮೇಲೆ ಪ್ರೋಟೀನಿನ ಆಯುಸ್ಸು ನಿಂತಿದೆ.

ಎಲ್ಲಾರೂ ಈಗ ಹನಿ ಹನಿ ಅಂತಾರಲ್ರಿ. ನಾವೂ ಹನಿ ಮಾಡಿ ತೋರಿಸಬೇಕೇನು?

ನಿಮ್ಮ ಸಂಶೋಧನೆಯ ಪ್ರಶ್ನೆಗೆ ಅದು ಬೇಕಿದ್ದರೆ ಮಾತ್ರ. ಹನಿ ಎಂದರೆ ಪ್ರೋಟೀನುಗಳು ದ್ರಾವಣದಿಂದ ಬೇರ್ಪಟ್ಟು ಕಟ್ಟುವ ದಟ್ಟ ದ್ರವದ ಗುಂಡು. 2009ರಲ್ಲಿ ಸಿ. ಎಲೆಗಾನ್ಸ್ ಹುಳದ ಭ್ರೂಣದಲ್ಲಿರುವ ಪಿ ಗ್ರಾನ್ಯೂಲು ಎಂಬ ಕಣಗಳು ದ್ರವದ ಹನಿಗಳಂತೆ ಸೇರುತ್ತವೆ, ಕರಗುತ್ತವೆ ಎಂದು ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು. ಪೊರೆಯಿಲ್ಲದ ಇಂಥ ಕೂಟಗಳಲ್ಲಿ ಐಡಿಆರ್‌ಗಳ ಪಾತ್ರ ನಿಜ: ಅನೇಕ ದುರ್ಬಲ ಕೊಂಡಿಗಳು ಒಟ್ಟಿಗೆ ಸೇರಿ ದಟ್ಟ ಹಂತ ಕಟ್ಟುತ್ತವೆ. ಆದರೆ ಸಾಂದ್ರತೆ ಏರಿಸಿ, ದ್ರಾವಣವನ್ನು ಇಕ್ಕಟ್ಟು ಮಾಡುವ ಪಿಇಜಿಯನ್ನು 10 ಶೇಕಡಾ ಸುರಿದರೆ ಎಷ್ಟೋ ಪ್ರೋಟೀನುಗಳು ಹನಿಯಾಗುತ್ತವೆ. ಅದರಿಂದ ಜೀವಕೋಶದ ಬಗ್ಗೆ ಹೆಚ್ಚೇನೂ ಗೊತ್ತಾಗುವುದಿಲ್ಲ.

ಮಾಡಲೇಬೇಕೆಂದರೆ ಹೀಗೆ. 20 ಮಿಲಿಮೋಲಾರ್ ಹೆಪೀಸ್, ಪಿಎಚ್ 7.4, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಪಿಇಜಿ ಇಲ್ಲದೆ, 5ರಿಂದ 50 ಮೈಕ್ರೋಮೋಲಾರ್ ಪ್ರೋಟೀನಿನಿಂದ ಶುರುಮಾಡಿ. ತಾನಾಗಿ ಗಂಟುಕಟ್ಟುವ ಪ್ರೋಟೀನಾದರೆ ಕರಗಿದಂತೆಯೇ ಇಡುವ ಎಂಬಿಪಿ ಟ್ಯಾಗ್‌ನಲ್ಲಿ ಇಟ್ಟು, ಆ ಟ್ಯಾಗ್ ಕತ್ತರಿಸುವ ಟೆವ್ ಪ್ರೋಟಿಯೇಸ್ ಹಾಕಿದ ಗಳಿಗೆಯಿಂದ 340 ನ್ಯಾನೋಮೀಟರಿನಲ್ಲಿ ಮಬ್ಬು ಅಳೆಯಿರಿ. ಟೆವ್ ಇಲ್ಲದ ನಳಿಕೆ ಮತ್ತು ಬರೀ ಟೆವ್ ಇರುವ ನಳಿಕೆ ಎರಡೂ ಪಕ್ಕದಲ್ಲಿರಲಿ. ಮಬ್ಬು ಬಂದ ಮಾತ್ರಕ್ಕೆ ಹನಿಯಲ್ಲ, ಗಂಟುಕಟ್ಟಿದ ಕಸವೂ ಮಬ್ಬೇ. ಮೈಕ್ರೋಸ್ಕೋಪಿನಲ್ಲಿ ಎರಡು ಹನಿ ಸೇರಿ ಒಂದು ದುಂಡಾಗುವುದನ್ನು ನೋಡಬೇಕು. ಗಾಜಿಗೆ ಪಿಇಜಿ ಅಥವಾ ಬಿಎಸ್‌ಎ (ದನದ ರಕ್ತದ ಆಲ್ಬ್ಯುಮಿನ್) ಲೇಪವಿಲ್ಲದಿದ್ದರೆ ಹನಿಗಳು ಗಾಜಿನ ಮೇಲೆ ಹರಡಿ ಚಪ್ಪಟೆಯಾಗುತ್ತವೆ.

ನಮ್ಮ ಪ್ರಕಾರ ಗಟ್ಟಿ ಪುರಾವೆ ಬೇರೆ. 20,000 ಜಿಯಲ್ಲಿ 15 ನಿಮಿಷ ತಿರುಗಿಸಿ ಮೇಲಿನ ದ್ರವದ ಸಾಂದ್ರತೆ ಅಳೆಯಿರಿ. ಒಂದೇ ಪ್ರೋಟೀನಿನ ಹಂತ ಬೇರ್ಪಡೆಯಾದರೆ, ಒಟ್ಟು ಪ್ರೋಟೀನ್ ಹೆಚ್ಚಿಸುತ್ತ ಹೋದರೂ ಮೇಲಿನ ದ್ರವದ ಸಾಂದ್ರತೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ತಾಪಮಾನದ ಜೊತೆ ಸರಿಯುತ್ತದೆ. ಏಪ್ರಿಲಿನ ಧಾರವಾಡದಲ್ಲಿ ಬೆಳಗಿನ ಲ್ಯಾಬು ಮತ್ತು ಮಧ್ಯಾಹ್ನದ ಲ್ಯಾಬು ಒಂದೇ ಅಲ್ಲ, ‘ಕೋಣೆಯ ತಾಪಮಾನ’ ಎಂದು ಬರೆಯದೆ ಅಂಕಿ ಬರೆಯಿರಿ. 1,6-ಹೆಕ್ಸೇನ್‌ಡಯಾಲ್ ಹಾಕಿದಾಗ ಕರಗಿತು ಎಂಬುದನ್ನು ಪುರಾವೆ ಎನ್ನಬೇಡಿ; ಅದು ಕೈನೇಸ್, ಫಾಸ್ಫಟೇಸ್‌ಗಳ ಕೆಲಸವನ್ನೂ ಕೆಡಿಸುತ್ತದೆ.

ನಮ್ಮದು ಕೃಷಿ ವಿಷಯ. ಜೋಳಕ್ಕ, ಹತ್ತಿಗೆ ಇದರ ಸಂಬಂಧ ಏನ್ರಿ?

ಹತ್ತಿರದ ಸಂಬಂಧ. ಬೀಜ ಒಣಗುವ ಹಂತದಲ್ಲಿ ರಾಶಿಯಾಗಿ ತಯಾರಾಗುವ ಲೀ ಪ್ರೋಟೀನುಗಳನ್ನು 1981ರಲ್ಲಿ ಮೊದಲು ಗುರುತಿಸಿದ್ದೇ ಹತ್ತಿ ಬೀಜದ ಭ್ರೂಣದಲ್ಲಿ. ಅವುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಅವ್ಯವಸ್ಥಿತ, ಕುದಿಸಿದರೂ ಗಂಟುಕಟ್ಟುವುದಿಲ್ಲ. ಇದೇ ಬಳಗದ ಡಿಹೈಡ್ರಿನ್‌ಗಳು ಬರಗಾಲ, ಚಳಿ, ಉಪ್ಪಿನ ಒತ್ತಡದಲ್ಲಿ ಎಲೆ, ಬೇರುಗಳಲ್ಲೂ ಏರುತ್ತವೆ. ಲೈಸಿನ್ ತುಂಬಿದ 15 ಅಮೈನೋ ಆಮ್ಲಗಳ ಕೆ ತುಂಡು ಅವುಗಳ ಗುರುತು. ಪೊರೆಯ ಮೇಲೆ ಕೂತಾಗ ಅದು ಹೀಲಿಕ್ಸ್ ಆಗುತ್ತದೆ. ಎರಿ ಹೊಲದಲ್ಲಿ ಉಳಿದ ಹಸಿಯ ಮೇಲೆ ಬೆಳೆಯುವ ಹಿಂಗಾರಿ ಬಿಳಿಜೋಳದ ತಳಿಗಳನ್ನು ಹೋಲಿಸುವವರಿಗೆ ಇದು ಒಳ್ಳೆಯ ವಿಷಯ.

ದುಬಾರಿ ಯಂತ್ರವಿಲ್ಲದೆ ಮಾಡಬಹುದಾದ ಪರೀಕ್ಷೆಯೂ ಇದೆ. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವವನ್ನು ತೆಳು ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದರೆ ಚಟುವಟಿಕೆ ಬೀಳುತ್ತದೆ, ಡಿಹೈಡ್ರಿನ್ ಇದ್ದರೆ ಉಳಿಯುತ್ತದೆ. 340 ನ್ಯಾನೋಮೀಟರಿನಲ್ಲಿ ಎನ್‌ಎಡಿಎಚ್ ಇಳಿಯುವ ವೇಗ ಅಳೆದರೆ ಸಾಕು. ಇಲ್ಲಿ ಎಡವುವುದು ಕಂಟ್ರೋಲಿನಲ್ಲಿ. ಬಿಎಸ್‌ಎ ಕೂಡ ಈ ಕಿಣ್ವವನ್ನು ಚೆನ್ನಾಗಿಯೇ ಕಾಪಾಡುತ್ತದೆ, ಆದ್ದರಿಂದ ‘ಡಿಹೈಡ್ರಿನ್ ಕಾಪಾಡಿತು’ ಎನ್ನಲು ಬಿಎಸ್‌ಎ, ಲೈಸೋಜೈಮ್ ಎರಡನ್ನೂ ಅದೇ ತೂಕದಲ್ಲಿ ಪಕ್ಕಕ್ಕಿಟ್ಟು, ಹಲವು ಸಾಂದ್ರತೆಗಳಲ್ಲಿ ರೇಖೆ ಎಳೆದು ಹೋಲಿಸಬೇಕು.

ಪಾರ್ಕಿನ್‌ಸನ್, ಅಲ್ಜೈಮರ್ ಇದರಿಂದನ ಬರ್ತಾವೇನು?

ಅಷ್ಟು ಸರಳವಿಲ್ಲ. ಪಾರ್ಕಿನ್‌ಸನ್‌ನಲ್ಲಿ ಗಂಟುಕಟ್ಟುವ 140 ಅಮೈನೋ ಆಮ್ಲಗಳ ಆಲ್ಫಾ ಸಿನ್ಯೂಕ್ಲಿನ್, ಅಲ್ಜೈಮರ್‌ನಲ್ಲಿ ಗಂಟುಕಟ್ಟುವ, ಮೈಕ್ರೋಟ್ಯೂಬ್ಯೂಲಿಗೆ ಅಂಟುವ ಟೌ, ಎರಡೂ ಆರೋಗ್ಯವಂತರಲ್ಲೂ ಅವ್ಯವಸ್ಥಿತವೇ. ರೋಗದಲ್ಲಿ ಅವು ತಪ್ಪು ರಚನೆ ಗಳಿಸಿ ಎಳೆಗಳಾಗುತ್ತವೆ. ಅಲ್ಜೈಮರ್ ರೋಗಿಯ ಮಿದುಳಿನ ಟೌ ಎಳೆಗಳ ರಚನೆ 2017ರಲ್ಲಿ ಕ್ರಯೋ-ಇಎಂನಿಂದ ಸಿಕ್ಕಿತು; ಗಟ್ಟಿ ತಿರುಳು ಚಿಕ್ಕದು, ಉಳಿದ ಸರಪಳಿ ಸುತ್ತಲೂ ಸಡಿಲವಾಗಿಯೇ ಇದೆ. ಎಳೆಗೆ ಅಂಟಿ ಹೊಳೆಯುವ ಥಿಯೋಫ್ಲೇವಿನ್ ಟಿ ಬಣ್ಣ ಹಾಕಿ ಪ್ಲೇಟ್ ರೀಡರಿನಲ್ಲಿ ಇದನ್ನು ಅಳೆಯುವವರಿಗೆ ಒಂದು ಮಾತು: ಎಳೆ ಶುರುವಾಗುವ ಹೊತ್ತು ಅಲುಗಾಟವನ್ನು ಬಹಳ ಅವಲಂಬಿಸಿದೆ. ನಡುವೆ ಕರೆಂಟ್ ಹೋಗಿ ಅಲುಗಾಟ ನಿಂತರೆ ಆ ಪ್ಲೇಟಿನ ಕಾಲದ ಅಂಕಿಗಳು ಉಪಯೋಗಕ್ಕಿಲ್ಲ. ರೀಡರಿಗೆ ಯುಪಿಎಸ್ ಇರಲಿ.

ನಮ್ಮ ಪ್ರೋಟೀನ್‌ದಾಗ ಐಡಿಆರ್ ಐತೋ ಇಲ್ಲೋ ಹೆಂಗ ನೋಡೂದು?

ಯೂನಿಪ್ರಾಟ್ ದತ್ತಕೋಶದಿಂದ ಸರಣಿ ತೆಗೆದುಕೊಳ್ಳಿ. ಅಭ್ಯಾಸಕ್ಕೆ ಪಿ53, ಅಂದರೆ ಅಲ್ಲಿನ ಪಿ04637 ಸಂಖ್ಯೆಯದು, ಒಳ್ಳೆಯದು. ಅವ್ಯವಸ್ಥಿತ ಭಾಗ ಊಹಿಸುವ ಐಯುಪ್ರೆಡ್ ತಂತ್ರಾಂಶದಲ್ಲಿ ಉದ್ದ ಭಾಗಗಳ ಆಯ್ಕೆ ಹಾಕಿ ಓಡಿಸಿ, 0.5ಕ್ಕಿಂತ ಮೇಲೆ ಸತತ 30 ಅಥವಾ ಹೆಚ್ಚು ಅಮೈನೋ ಆಮ್ಲಗಳಿದ್ದರೆ ಗುರುತು ಹಾಕಿ. ಆಮೇಲೆ ತಪ್ಪು ಗುರುತುಗಳನ್ನು ತೆಗೆಯಿರಿ. ಕಾಯಿಲ್ಡ್-ಕಾಯಿಲ್ ಭಾಗಗಳು ವಿದ್ಯುದಂಶದಿಂದ ತುಂಬಿರುವುದರಿಂದ ಅವ್ಯವಸ್ಥಿತ ಎಂದು ಬರುವುದುಂಟು, ನಿಜದಲ್ಲಿ ಅವು ಉದ್ದ ಹೀಲಿಕ್ಸುಗಳು. ಸತು ಹಿಡಿಯುವ ಚಿಕ್ಕ ಡೊಮೇನುಗಳಿಗೂ ಇದೇ ಗತಿ. ಅವ್ಯವಸ್ಥಿತ ಪ್ರೋಟೀನುಗಳ ದತ್ತಕೋಶವಾದ ಡಿಸ್‌ಪ್ರಾಟ್‌ನಲ್ಲಿ ಪ್ರಯೋಗದ ಪುರಾವೆ ಇದೆಯೇ ನೋಡಿ. ಕೊನೆಗೆ ಹತ್ತಿರದ ಜಾತಿಗಳ ಸರಣಿ ಹೊಂದಿಸಿ: ಬದಲಾಗುತ್ತಲೇ ಇರುವ ಬಾಲದ ನಡುವೆ 5–10 ಅಮೈನೋ ಆಮ್ಲಗಳ ಒಂದು ತುಂಡು ಬದಲಾಗದೆ ಉಳಿದಿದ್ದರೆ ಕಿರು ಗುರುತು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ನಿಮ್ಮ ರೂಪಾಂತರ ಪ್ರಯೋಗ ಅಲ್ಲಿಂದ ಶುರುವಾಗಲಿ.

ಆಲ್ಫಾಫೋಲ್ಡ್ ಚಿತ್ರದಾಗ ಬಾಲ ಉದ್ದಕ ಜೋತಬಿದ್ದೈತಿ. ಕತ್ತರಿಸಿ ಕ್ಲೋನ್ ಮಾಡ್ಲ್ಯಾ?

ಹರಳು ಬೆಳೆಸಲಿಕ್ಕಾದರೆ ಮಾಡಿ, ಕೆಲಸ ಅಳೆಯಲಿಕ್ಕಾದರೆ ಬೇಡ. ಸರಣಿಯಿಂದ ರಚನೆ ಊಹಿಸುವ ಆಲ್ಫಾಫೋಲ್ಡ್ ಚಿತ್ರದಲ್ಲಿ ಕಿತ್ತಳೆ ಬಣ್ಣದ, ಪಿಎಲ್‌ಡಿಡಿಟಿ (ಊಹೆಯ ಭರವಸೆಯ ಅಂಕ) 50ಕ್ಕಿಂತ ಕಡಿಮೆ ಇರುವ ಭಾಗ ಅವ್ಯವಸ್ಥಿತ ಎಂಬುದಕ್ಕೆ ಒಳ್ಳೆಯ ಸೂಚನೆ. ಆದರೆ ಚಿತ್ರದಲ್ಲಿ ಆ ಬಾಲ ಕೂತ ಭಂಗಿಗೆ ಏನೂ ಅರ್ಥವಿಲ್ಲ. ಅದಕ್ಕೆ ಡಾಕಿಂಗ್ (ಗಣಕದಲ್ಲಿ ಅಣು ಕೂರಿಸಿ ನೋಡುವುದು) ಮಾಡಿ ಪ್ರಬಂಧಕ್ಕೆ ಹಾಕುವುದು ಈಗ ಎಲ್ಲೆಡೆ ಕಾಣುವ ತಪ್ಪು. ಇದಕ್ಕೆ ತಿರುವುಮುರುವಾದ ತಪ್ಪೂ ಇದೆ. ಆಲ್ಫಾ ಸಿನ್ಯೂಕ್ಲಿನ್‌ಗೆ ಆಲ್ಫಾಫೋಲ್ಡ್ ಉದ್ದ ಹೀಲಿಕ್ಸ್ ತೋರಿಸುತ್ತದೆ. ಅದು ಪೊರೆಯ ಮೇಲೆ ಕೂತಾಗಿನ ರೂಪಕ್ಕೆ ಹತ್ತಿರ, ನೀರಿನಲ್ಲಿ ಆ ಹೀಲಿಕ್ಸ್ ಇಲ್ಲ.

ಜೆಲ್‌ನ್ಯಾಗ ಬ್ಯಾಂಡ್ ಮ್ಯಾಲೆ ಬಂದೈತಿ. ಕ್ಲೋನ್ ತಪ್ಪೇತೇನ್ರಿ?

ಮೊದಲು ಸರಣಿ ನೋಡಿ. ಐಡಿಆರ್‌ಗಳಿಗೆ, ಅದರಲ್ಲೂ ಆಮ್ಲೀಯವಾದವಕ್ಕೆ, ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸುವ ಎಸ್‌ಡಿಎಸ್ ಕಡಿಮೆ ಅಂಟುತ್ತದೆ. ಹಾಗಾಗಿ ನಿಜ ತೂಕದ 1.2ರಿಂದ 1.8 ಪಟ್ಟು ಭಾರದ ಜಾಗದಲ್ಲಿ ನಿಲ್ಲುತ್ತವೆ. ಪಿ53ರ ನಿಜ ತೂಕ ಸುಮಾರು 43.7 ಕಿಲೋಡಾಲ್ಟನ್, ಜೆಲ್‌ನಲ್ಲಿ 53ರ ಹತ್ತಿರ. ಕೂಮಾಸಿ ಬಣ್ಣ ಲೈಸಿನ್, ಆರ್ಜಿನಿನ್, ಉಂಗುರದ ಅಮೈನೋ ಆಮ್ಲಗಳಿಗೆ ಅಂಟುವುದರಿಂದ ಆಮ್ಲೀಯ ಪ್ರೋಟೀನಿನ ಬ್ಯಾಂಡ್ ಮಂಕಾಗಿಯೂ ಕಾಣಬಹುದು. ನಿರ್ಧಾರಕ್ಕೆ ಮಾಸ್ ಸ್ಪೆಕ್ ಬೇಕು. ಗಾತ್ರದಿಂದ ಬೇರ್ಪಡಿಸುವ ಜೆಲ್ ಫಿಲ್ಟರೇಶನ್ನೂ ಮೋಸ ಮಾಡುತ್ತದೆ: 14.5 ಕಿಲೋಡಾಲ್ಟನ್‌ನ ಆಲ್ಫಾ ಸಿನ್ಯೂಕ್ಲಿನ್ 57ರ ಜಾಗದಲ್ಲಿ ಹೊರಬರುತ್ತದೆ. ಅದನ್ನು ನೋಡಿ ‘ನಾಲ್ಕರ ಗುಂಪು’ ಎಂದು ಬರೆದರೆ ಪರೀಕ್ಷಕರು ಬಿಡುವುದಿಲ್ಲ.

ಕುದಿಸಿ ಶುದ್ಧ ಮಾಡಬಹುದು ಅಂತಾರ. ಖರೇನ?

ಪೂರ್ತಿ ಅವ್ಯವಸ್ಥಿತ ಪ್ರೋಟೀನಾದರೆ ಖರೆ. ಮಡಿಕೆಯ ಡೊಮೇನು ಜೊತೆಗಿದ್ದರೆ ಅದು ಗಂಟುಕಟ್ಟಿ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಜೀವಕೋಶ ಒಡೆದು, ತಿರುಗಿಸಿ, ಸ್ವಚ್ಛ ದ್ರವವನ್ನು ಚಿಕ್ಕ ನಳಿಕೆಗಳಿಗೆ ಹಂಚಿ 95 ಡಿಗ್ರಿಯಲ್ಲಿ 15 ನಿಮಿಷ ಇಡಿ. ದೊಡ್ಡ ನಳಿಕೆಯಾದರೆ ನಡುಭಾಗ ತಡವಾಗಿ ಬಿಸಿಯಾಗುತ್ತದೆ, ಅಷ್ಟರಲ್ಲಿ ಪ್ರೋಟಿಯೇಸ್ ಕೆಲಸ ಮುಗಿಸಿರುತ್ತದೆ. ಧಾರವಾಡ 700 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 97–98ಕ್ಕೇ ಕುದಿಯುತ್ತದೆ. 100 ಬರಲಿ ಎಂದು ಕಾಯುತ್ತ ಕೂರಬೇಡಿ. ಮಂಜುಗಡ್ಡೆಯಲ್ಲಿ 10 ನಿಮಿಷ, ಆಮೇಲೆ 4 ಡಿಗ್ರಿಯಲ್ಲಿ 20,000 ಜಿ, 30 ನಿಮಿಷ. ಮೇಲಿನ ದ್ರವದಲ್ಲಿ ನಿಮ್ಮ ಪ್ರೋಟೀನಿನ ಜೊತೆ ಡಿಎನ್‌ಎ, ಆರ್‌ಎನ್‌ಎ ಕೂಡ ಉಳಿದಿರುತ್ತವೆ. ಮಿಲಿಲೀಟರಿಗೆ 10 ಮಿಲಿಗ್ರಾಂ ಸ್ಟ್ರೆಪ್ಟೊಮೈಸಿನ್ ಸಲ್ಫೇಟ್ ಹಾಕಿ ಅವನ್ನು ಇಳಿಸಿ, ನಂತರ ಅಯಾನು ವಿನಿಮಯದ ಕಾಲಮ್.

ಬಫರ್ ಟ್ರಿಸ್ ಆಗಿದ್ದರೆ ಎಚ್ಚರ. ಅದರ ಪಿಎಚ್ ಪ್ರತಿ ಡಿಗ್ರಿಗೆ 0.028ರಷ್ಟು ಇಳಿಯುತ್ತದೆ. 25 ಡಿಗ್ರಿಯಲ್ಲಿ 7.5 ಇಟ್ಟದ್ದು 95ರಲ್ಲಿ 5.5ರ ಹತ್ತಿರ. ಬಿಸಿ ಮತ್ತು ಆಮ್ಲ ಸೇರಿದರೆ ಆಸ್ಪಾರ್ಟೇಟ್-ಪ್ರೋಲಿನ್ ಬಂಧ ಮುರಿಯಬಹುದು, ಪ್ರೋಲಿನ್ ಹೆಚ್ಚಿರುವ ಐಡಿಆರ್‌ಗಳಲ್ಲಿ ಅಂಥ ಜಾಗ ಇದೆಯೇ ನೋಡಿಕೊಳ್ಳಿ. ಫಾಸ್ಫೇಟ್ ಬಫರಿನಲ್ಲಿ ಈ ತಾಪತ್ರಯವಿಲ್ಲ. ಪ್ರೋಟಿಯೇಸ್ ತಡೆಯುವ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ. ಐಸೊಪ್ರೊಪನಾಲ್‌ನಲ್ಲಿ ಇಟ್ಟು, ಜೀವಕೋಶ ಒಡೆಯುವ ಮುಂಚಿನ ಗಳಿಗೆಯಲ್ಲಿ 1 ಮಿಲಿಮೋಲಾರ್ ಆಗುವಂತೆ ಹಾಕಿ.

280ರಾಗ ರೀಡಿಂಗ ಬರೂದಿಲ್ಲ. ಪ್ರೋಟೀನ್ ಹೋತೇನು?

ಹೋಗಿಲ್ಲ, ಕಾಣುತ್ತಿಲ್ಲ. 280 ನ್ಯಾನೋಮೀಟರಿನಲ್ಲಿ ಬೆಳಕು ಹೀರುವುದು ಮುಖ್ಯವಾಗಿ ಟ್ರಿಪ್ಟೊಫಾನ್, ಟೈರೋಸಿನ್. ಆಲ್ಫಾ ಸಿನ್ಯೂಕ್ಲಿನ್‌ನಲ್ಲಿ ಟ್ರಿಪ್ಟೊಫಾನ್ ಇಲ್ಲ, ನಾಲ್ಕೇ ಟೈರೋಸಿನ್. ಬೆಳಕು ಹೀರುವ ಗುಣಾಂಕ ಬರೀ 5,960. ಪ್ರೋಥೈಮೋಸಿನ್ ಆಲ್ಫಾದಲ್ಲಿ ಅದೂ ಇಲ್ಲ. 205 ನ್ಯಾನೋಮೀಟರಿನಲ್ಲಿ ಅಳೆಯಿರಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಇದ್ದರೆ ಹೀರುವಿಕೆ (ಅಬ್ಸಾರ್ಬನ್ಸ್) ಸುಮಾರು 31 ಎಂದು ಲೆಕ್ಕ ಹಾಕಿ, ಅಂದರೆ ಬಹಳ ತೆಳು ಮಾಡಬೇಕು. ಖಾಲಿ ಅಳತೆಗೆ ಡಯಾಲಿಸಿಸ್ ಹೊರಗಿನ ಬಫರನ್ನೇ ಬಳಸಿ. ಇಮಿಡಜೋಲ್ ಉಳಿದಿದ್ದರೆ ಅಂಕಿ ಸುಳ್ಳು. ಕೂಮಾಸಿ ಬಣ್ಣದ ಬ್ರಾಡ್‌ಫೋರ್ಡ್ ಪರೀಕ್ಷೆ ಕಡಿಮೆ ತೋರಿಸುತ್ತದೆ.

ಸಿಡಿ ಗ್ರಾಫ್ ಹೆಂಗ ಇರಬೇಕು?

ಸಿಡಿ, ಅಂದರೆ ವೃತ್ತೀಯ ಧ್ರುವೀಕೃತ ಬೆಳಕಿನಿಂದ ರಚನೆ ನೋಡುವ ಅಳತೆಯಲ್ಲಿ, ಐಡಿಆರ್‌ನ ತಗ್ಗು 198–200 ನ್ಯಾನೋಮೀಟರಿನಲ್ಲಿ, 222ರಲ್ಲಿ ಸೊನ್ನೆಯ ಹತ್ತಿರ. 10 ಮಿಲಿಮೋಲಾರ್ ಫಾಸ್ಫೇಟ್, ಮಿಲಿಲೀಟರಿಗೆ 0.15 ಮಿಲಿಗ್ರಾಂ, 1 ಮಿಲಿಮೀಟರ್ ಕೋಶ. ಉಪ್ಪು ಬೇಕಿದ್ದರೆ ಸೋಡಿಯಂ ಫ್ಲೋರೈಡ್ ಹಾಕಿ, ಕ್ಲೋರೈಡ್ 200ರ ಕೆಳಗೆ ಬೆಳಕನ್ನೇ ನುಂಗುತ್ತದೆ. 30 ಶೇಕಡಾ ಟಿಎಫ್‌ಇ (ಟ್ರೈಫ್ಲೋರೋಎಥನಾಲ್) ಹಾಕಿ ‘ಹೀಲಿಕ್ಸ್ ಆಯಿತು’ ಎನ್ನುವುದರಲ್ಲಿ ಹುರುಳಿಲ್ಲ, ಅದರಲ್ಲಿ ಬಹುತೇಕ ಪೆಪ್ಟೈಡುಗಳು ಹೀಲಿಕ್ಸ್ ಕಡೆಗೆ ವಾಲುತ್ತವೆ.

ಇದಕ್ಕ ಔಷಧ ಮಾಡಾಕ ಬರ್ತೈತೇನು?

ಕಷ್ಟ, ಯಾಕೆಂದರೆ ಕೂರಲು ಸ್ಥಿರವಾದ ಗುಂಡಿಯೇ ಇಲ್ಲ. ಹೆಚ್ಚು ಫಲ ಕೊಟ್ಟ ದಾರಿ ಸಂಗಾತಿಯ ಗುಂಡಿ ಹಿಡಿಯುವುದು: ಪಿ53ರ 19, 23, 26ನೆಯ ಅಮೈನೋ ಆಮ್ಲಗಳು ಕೂರುವ ಎಂಡಿಎಂ2 ಪ್ರೋಟೀನಿನ ಗುಂಡಿಯಲ್ಲಿ 2004ರ ನಟ್ಲಿನ್ ಎಂಬ ಸಣ್ಣ ಅಣುಗಳು ಹೋಗಿ ಕೂತವು.

ಎನ್‌ಎಂಆರ್‌ಗೆ ಸ್ಯಾಂಪಲ್ ಬೆಂಗಳೂರಿಗೆ ಒಯ್ಯಬೇಕು. ಹೆಂಗ ಒಯ್ಯೂದು?

ರಾತ್ರಿ ರೈಲಿನಲ್ಲಿ ಥರ್ಮಾಕೋಲ್ ಡಬ್ಬಿಯ ಮಂಜುಗಡ್ಡೆ ಅರ್ಧ ದಾರಿಗೇ ನೀರಾಗುವುದುಂಟು. ದ್ರಾವಣದಲ್ಲಿ ಚೂರು ಪ್ರೋಟಿಯೇಸ್ ಉಳಿದಿದ್ದರೂ ಬೆಳಗಿನ ಹೊತ್ತಿಗೆ ಐಡಿಆರ್ ತುಂಡಾಗಿರುತ್ತದೆ. ಇಲ್ಲಿ ಈ ಪ್ರೋಟೀನುಗಳ ಸ್ವಭಾವವೇ ನೆರವಿಗೆ ಬರುತ್ತದೆ: ಮುರಿಯಲು ಮಡಿಕೆಯಿಲ್ಲದ್ದರಿಂದ ಹೆಚ್ಚಿನವು ಲಯೊಫಿಲೈಸ್ ಮಾಡಿದರೂ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿದರೂ, ತಾಳುತ್ತವೆ. 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬನೇಟಿಗೆ ಡಯಾಲಿಸಿಸ್ ಮಾಡಿ, ಅಳೆದ ಪ್ರಮಾಣವನ್ನು ನಳಿಕೆಗಳಿಗೆ ಹಂಚಿ ಒಣಗಿಸಿ. ಬೈಕಾರ್ಬನೇಟ್ ಹಾರಿಹೋಗುತ್ತದೆ, ಪುಡಿ ಉಳಿಯುತ್ತದೆ. ಹೋಗುವ ಮೊದಲು ಒಂದು ನಳಿಕೆಯನ್ನು ಇಲ್ಲೇ ಕರಗಿಸಿ, 20,000 ಜಿಯಲ್ಲಿ ತಿರುಗಿಸಿ, ಜೆಲ್ ಮತ್ತು ಸಿಡಿ ನೋಡಿ. ಟೌ, ಸಿನ್ಯೂಕ್ಲಿನ್‌ನಂಥವು ಒಣಗಿಸಿದಾಗ ಸ್ವಲ್ಪ ಗಂಟುಕಟ್ಟಬಹುದು. ಬೆಂಗಳೂರಿನಲ್ಲಿ ಎಚ್‌ಎಸ್‌ಕ್ಯೂಸಿ ಎಂಬ ಎನ್‌ಎಂಆರ್ ಚಿತ್ರ ತೆಗೆದಾಗ ಚುಕ್ಕೆಗಳೆಲ್ಲ 7.8–8.6 ಪಿಪಿಎಂ ನಡುವೆ ಒತ್ತೊತ್ತಾಗಿ ಬಂದರೆ ಗಾಬರಿ ಬೇಡ, ಐಡಿಆರ್ ಕಾಣುವುದೇ ಹಾಗೆ. ಪಿಎಚ್ 6.5ರ ಆಸುಪಾಸಿಗೆ ಇಳಿಸಿ, ತಾಪಮಾನ 10–15 ಡಿಗ್ರಿಗೆ ತಂದರೆ ಮಾಯವಾದ ಚುಕ್ಕೆಗಳು ಮರಳುತ್ತವೆ, ಏಕೆಂದರೆ ಬಯಲಿಗೆ ಬಿದ್ದ ಅಮೈಡ್ ಹೈಡ್ರೋಜನ್‌ಗಳು ನೀರಿನ ಜೊತೆ ಅದಲುಬದಲಾಗುವ ವೇಗ ಆಗ ತಗ್ಗುತ್ತದೆ. ಡಿ2ಒ 5ರಿಂದ 10 ಶೇಕಡಾ ಸಾಕು.